ಅಲ್ಲಾಡಿಸಿ ಹಾಕುವ ಔಷಧಿ

ಚಳ್ಳಕೆರೆಯ ಬಸ್ ನಿಲ್ದಾಣ ದಾಟಿ ಸ್ವಲ್ಪ ಮುಂದೆ ಬಂದರೆ ರಸ್ತೆಯ ಅಂಚಿಗೇ ನನ್ನ ಮೆಡಿಕಲ್ ಶಾಪ್. ಇಪ್ಪತ್ತೆಂಟು ವರ್ಷದಿಂದ ಅದೇ ಕೌಂಟರ್ ಹಿಂದೆ ನಿಂತಿದ್ದೇನೆ. ನಾನು ಓದಿದ್ದು ಡಿ. ಫಾರ್ಮಾ. ಆದರೆ ಔಷಧಿಗಳ ಹೆಸರನ್ನು ತಡವರಿಸದೆ ಹೇಳುವವನನ್ನು ನಮ್ಮ ಜನ ಡಾಕ್ಟ್ರೇ ಎಂದೇ ಕರೆಯುತ್ತಾರೆ. ಮೊದಮೊದಲು ನಾನು ಡಾಕ್ಟ್ರಲ್ಲ ಕಣ್ರಿ ಎಂದು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟೆ ಎಂದು ಹೆಂಡತಿಗೆ ಹೇಳಿದ್ದೆ, ಅದು ಸುಳ್ಳು. ಕಿವಿಗೆ ಹಿತವಾಗಿತ್ತು, ಅದಕ್ಕೇ ಬಿಟ್ಟೆ. ಅದನ್ನು ಈಗ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ನನ್ನ ಅಕ್ಕನ ಬಲಗಣ್ಣು ಹಾಳಾಗಿದ್ದಕ್ಕೆ ಆ ಹಿತವೂ ಒಂದು ಕಾರಣ.

ಕಣ್ಣಿನ ಡ್ರಾಪ್ಸ್ ವಿಷಯದಲ್ಲಂತೂ ನನ್ನ ಜಂಬ ಹೇಳತೀರದು. ನಮ್ಮದು ಗಾಳಿ, ಧೂಳಿನ ಸೀಮೆ. ಶೇಂಗಾ ಬಿಡಿಸುವ ಕಾಲಕ್ಕೆ ನನ್ನಿವಾಳದ ಕಡೆಯಿಂದ ಬರುವವರ ಕಣ್ಣು ಕೆಂಪು, ಎಣ್ಣೆ ಮಿಲ್ಲಿನಲ್ಲಿ ಹೊಟ್ಟು ತೂರುವವರ ಕಣ್ಣು ಕೆಂಪು. ಬೆಳಗ್ಗೆ ಎದ್ದರೆ ಗೀಜು ಕಟ್ಟಿ ರೆಪ್ಪೆ ಬಿಡಿಸಲಾಗುವುದಿಲ್ಲ ಎಂದು ಬರುತ್ತಾರೆ. ಕಣ್ಣಿನ ಡಾಕ್ಟರ ಚೀಟಿ ತರುವವರು ಹತ್ತಕ್ಕೆ ಒಬ್ಬರು. ಉಳಿದವರೆಲ್ಲ "ಡಾಕ್ಟ್ರೇ, ಒಂದು ಒಳ್ಳೆ ಡ್ರಾಪ್ಸ್ ಕೊಡ್ರಿ" ಎನ್ನುವವರೇ. ಆಗ ನಾನು ಹಿಂದಿನ ಗೂಡಿನಿಂದ ಮೂರು ನಾಲ್ಕು ಸೀಸೆ ತೆಗೆದು ಕೌಂಟರ್ ಮೇಲೆ ಸಾಲಾಗಿ ನಿಲ್ಲಿಸಿ ಪಾಠ ಶುರು ಮಾಡುತ್ತಿದ್ದೆ.

ಪಾಠ ನನಗೆ ಬಾಯಿಪಾಠವಾಗಿತ್ತು. ಕ್ಲೋರಾಮ್ಫೆನಿಕಾಲ್ ಹಳೇ ಕಾಲದ್ದು, ಅಗ್ಗ, ಸಾಧು. ಆದರೆ ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಬರುತ್ತದೆ. ಜೆಂಟಾಮೈಸಿನ್ ಉರಿಯುತ್ತದೆ, ಉರಿದರೇ ಕೆಲಸ ಮಾಡುತ್ತಿದೆ ಎಂದು ನಂಬುವವರು ಅದನ್ನೇ ಕೇಳಿ ಒಯ್ಯುತ್ತಾರೆ. ಸಿಪ್ರೊಫ್ಲಾಕ್ಸಸಿನ್ ಅರ್ಧ ಸೀಸೆಯಾದರೂ ಎಲ್ಲರ ಮನೆಯ ದೇವರ ಗೂಡಿನ ಪಕ್ಕ ಇದ್ದೇ ಇರುತ್ತದೆ. ತೆರೆದು ಒಂದು ತಿಂಗಳಾದ ಮೇಲೆ ಎಸೆಯಿರಿ ಎಂದರೆ ಬದುಕು ಎಸೆಯಲು ಹೇಳಿದಂತೆ ನೋಡುತ್ತಾರೆ. ಮಾಕ್ಸಿಫ್ಲಾಕ್ಸಸಿನ್ ತಿಳಿ ಹಳದಿ, ಉರಿ ಕಡಿಮೆ, ದಿನಕ್ಕೆ ಮೂರು ಸಲ ಸಾಕು. ಟೋಬ್ರಾಮೈಸಿನ್ ಕೂಡ ಒಳ್ಳೆಯದೇ. ಅದರ ಜೊತೆ ಸ್ಟೀರಾಯ್ಡ್ ಬೆರೆಸಿದ ಇನ್ನೊಂದು ಸೀಸೆ ಬರುತ್ತದೆ. ಅದು ಹಾಲಿನಂತೆ ಬೆಳ್ಳಗಿರುತ್ತದೆ, ತಳದಲ್ಲಿ ಗಷ್ಟು ಕೂರುತ್ತದೆ, ಅಲ್ಲಾಡಿಸಿ ಹಾಕಬೇಕು. ಕಣ್ಣಿನ ಕೆಂಪು ಇಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಇಂದು ಸಂಜೆ ಹಾಕಿದರೆ ನಾಳೆ ಬೆಳಗ್ಗೆ ಕನ್ನಡಿಯಲ್ಲಿ ಫಲ ಕಾಣುತ್ತದೆ.

ಸಾಮಾನ್ಯ ಕಣ್ಣುಬೇನೆಗೆ ಇವುಗಳಲ್ಲಿ ಯಾವುದನ್ನು ಹಾಕಿದರೂ ನಾಲ್ಕೈದು ದಿನಕ್ಕೆ ವಾಸಿಯಾಗುತ್ತದೆ. ಎಷ್ಟೋ ಸಲ ಏನೂ ಹಾಕದೆ ಬೆಚ್ಚನೆಯ ನೀರಲ್ಲಿ ತೊಳೆದುಕೊಂಡರೂ ವಾಸಿಯಾಗುತ್ತದೆ. ಅದು ನನಗೆ ಗೊತ್ತಿತ್ತು. ಆದರೆ ವಾಸಿಯಾದವರು ಬಂದು ನಿಮ್ಮ ಕೈಗುಣ ಎಂದಾಗ ನಾನು ತಲೆ ತಗ್ಗಿಸಿ ನಗುತ್ತಿದ್ದೆನೇ ಹೊರತು ನಿಜ ಹೇಳುತ್ತಿರಲಿಲ್ಲ.

ಹಾಗೆಂದು ನಾನು ಪೂರ್ತಿ ತಿಳಿಗೇಡಿಯೂ ಆಗಿರಲಿಲ್ಲ. ನನ್ನ ಅಂಗಡಿಯ ಎದುರು ಬೈಕ್ ರಿಪೇರಿ ಮಾಡುವ ಸಾಬರೊಬ್ಬರಿದ್ದಾರೆ. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅವರನ್ನು ಭಾಯ್ ಎನ್ನುತ್ತೇನೆ. ಒಮ್ಮೆ ಕಬ್ಬಿಣ ಉಜ್ಜುವಾಗ ಕಣ್ಣಿಗೆ ಕಿಡಿ ಹಾರಿ ಕಣ್ಣು ಹಿಡಿದುಕೊಂಡು ಓಡಿಬಂದರು. "ಆ ಸಫೇದ್ ದವಾ ಕೊಡಿ, ಬೇಗ ಇಳೀತದೆ" ಎಂದರು. ನಾನು ಕೊಡಲಿಲ್ಲ. ಕಣ್ಣಿಗೆ ಏನಾದರೂ ತಾಗಿದ್ದರೆ, ನೋವಿದ್ದರೆ, ಮಂಜಾಗಿದ್ದರೆ ಆ ಬಿಳಿ ಔಷಧಿ ಹಾಕಲೇಬಾರದು, ಮೊದಲು ಡಾಕ್ಟರ್ ದೀಪ ಹಾಕಿ ನೋಡಬೇಕು ಎಂದು ರೇಗಿ, ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆ. ಎದುರು ಅಂಗಡಿಯವರಿಗೆ ನಾನು ಹೇಳಿದ್ದ ಮಾತು ಇದು. ಒಡಹುಟ್ಟಿದವಳಿಗೆ ಹೇಳಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಮೊಳಕಾಲ್ಮೂರಿಗೆ ಹೋದಾಗ ಅವಳಿಗೆ ಮಗ್ಗದ ಒಂದು ಕಡ್ಡಿಯೂ ಗೊತ್ತಿರಲಿಲ್ಲ. ಅತ್ತೆಮನೆಯವರು ರೇಷ್ಮೆ ಸೀರೆ ನೇಯುವವರು. ಅಲ್ಲಿ ಅವಳು ಕಲಿತದ್ದು ಕೆಚ್ಚುವ ಕೆಲಸ. ಮಗ್ಗದಲ್ಲಿ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹಾಯುವ ಎಳೆಗಳು, ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಹಾಗೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದರ ಜೊತೆಗಾರ ಎಳೆಗೆ ಹೊಸೆದು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಎರಡು ಬೆರಳಲ್ಲಿ ಹೊಸೆಯಬೇಕು ಅಷ್ಟೇ. ಬೆರಳು ಜಾರದಂತೆ ತೆಂಗಿನ ಚಿಪ್ಪಿನಲ್ಲಿ ಬೂದಿ ಇಟ್ಟುಕೊಂಡು ಆಗಾಗ ಮುಟ್ಟಿಕೊಳ್ಳುತ್ತಾರೆ. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಆ ಕೆಲಸದಲ್ಲಿ ಅಕ್ಕನಷ್ಟು ಕೈ ಪಳಗಿದವರು ಊರಲ್ಲಿ ಇಬ್ಬರೋ ಮೂವರೋ. ಮನೆಮನೆಯವರು ಬಂದು ಕರೆದುಕೊಂಡು ಹೋಗುತ್ತಿದ್ದರು, ಕಾಫಿ ಕೊಟ್ಟು ಕೂರಿಸುತ್ತಿದ್ದರು. ಭಾವ ತೀರಿಕೊಂಡ ಮೇಲೆ ಅವಳೂ ಅವಳ ಮಗಳೂ ಅದರಲ್ಲೇ ಬದುಕಿದರು, ತಲೆ ಎತ್ತಿಯೇ ಬದುಕಿದರು.

ಅಲ್ಲಿಯ ಮಗ್ಗದ ಮನೆಗಳಲ್ಲಿ ಒಂದು ಕಟ್ಟುನಿಟ್ಟಿದೆ. ಕಣ್ಣು ಕೆಂಪಾದವರನ್ನು ಹೊಸ ಹಾಸಿನ ಹತ್ತಿರ ಬಿಡುವುದಿಲ್ಲ. ಹಾಸು ಕೂಡಿಸುವ ದಿನ ಪೂಜೆ ಮಾಡಿ ಶುರು ಮಾಡುವುದು ಒಂದು ಕಾರಣ. ಕೆಂಪುಗಣ್ಣು ನೋಡಿದರೇ ಅಂಟುತ್ತದೆ ಎನ್ನುವ ಭಯ ಇನ್ನೊಂದು. ನೇಯುವವನ ಕಣ್ಣಿಗೆ ಬಂದರೆ ಮಗ್ಗ ವಾರಗಟ್ಟಲೆ ನಿಲ್ಲುತ್ತದಲ್ಲ. ಹೀಗಾಗಿ ಕಣ್ಣು ನೋಯುತ್ತಿದೆಯೇ ಇಲ್ಲವೇ ಎಂದು ಯಾರೂ ಕೇಳುವುದಿಲ್ಲ, ಕೆಂಪಾಗಿದೆಯೇ ಎಂದಷ್ಟೇ ಬಾಗಿಲಲ್ಲಿ ನೋಡುತ್ತಾರೆ. ಕೆಂಪಿಲ್ಲದಿದ್ದರೆ ಒಳಗೆ, ಇದ್ದರೆ ಹೊರಗೆ.

ಮೂರು ವರ್ಷದ ಹಿಂದೆ ಮದುವೆಯ ಸುಗ್ಗಿ ಇನ್ನೇನು ಶುರುವಾಗಬೇಕು ಎನ್ನುವಾಗ ಅಕ್ಕ ಒಂದು ಬೆಳಗ್ಗೆ ಅಂಗಡಿಗೆ ಬಂದಳು. ಸೆರಗಿನ ತುದಿಯನ್ನು ಬಲಗಣ್ಣಿಗೆ ಒತ್ತಿಕೊಂಡಿದ್ದಳು. ಅವತ್ತು ಸಂತೆ, ಕೌಂಟರ್ ಮುಂದೆ ಐದಾರು ಜನ ನಿಂತಿದ್ದರು.

"ಲೇ, ಕಣ್ಣು ನೋಡೋ," ಎಂದಳು. "ಎರಡು ದಿನ ಆತು. ಬೆಳಕು ನೋಡಾಕೇ ಆಗ್ತಿಲ್ಲ."

"ಎಲ್ಲಾರಿಗೂ ಬಂದೈತಕ್ಕ ಈಗ," ಎಂದೆ.

"ನೋವು ಬ್ಯಾರೆ. ಮೊನ್ನೆ ಕೆಚ್ಚುವಾಗ..."

ಅಷ್ಟರಲ್ಲಿ ನಾನು ಸೀಸೆಗಳನ್ನು ಸಾಲಾಗಿ ಇಟ್ಟಾಗಿತ್ತು. ಅಕ್ಕನ ಮುಂದೆ, ಅದರಲ್ಲೂ ನಾಲ್ಕು ಜನ ಕೇಳುತ್ತಿರುವಾಗ, ನನ್ನ ಪಾಠ ಇನ್ನೂ ಸೊಗಸಾಗಿ ಬಂತು. ಇದು ಕಹಿ, ಇದು ಉರಿ, ಇದಕ್ಕೆ ಮೂರು ಹೊತ್ತು ಸಾಕು. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಕೊನೆಗೆ, "ಇದರಾಗೆ ಬೇಗ ಕೆಂಪು ಇಳಿಸೋದು ಯಾವುದು? ನಾಡಿದ್ದು ಎರಡು ಮನೇಗೆ ಹಾಸು ಒಪ್ಪಿಕಂಡೀನಿ," ಎಂದಳು.

ನಾನು ಬಿಳಿ ಸೀಸೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಅಲ್ಲಾಡಿಸಿದೆ. "ಇದು. ನಾಳೆ ಬೆಳಗ್ಗೆ ನೋಡ್ಕ," ಎಂದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ತನಗೂ ಅದೇ ಇರಲಿ ಎಂದಳು.

ಮೊನ್ನೆ ಕೆಚ್ಚುವಾಗ ಏನಾಯಿತು ಎಂದು ನಾನು ಕೇಳಲಿಲ್ಲ. ಸೆರಗು ತೆಗೆಸಿ ಟಾರ್ಚ್ ಹಾಕಿ ನೋಡಲಿಲ್ಲ. ಎಡಗಣ್ಣು ಮುಚ್ಚಿ ಎದುರಿನ ಬೋರ್ಡ್ ಓದು ಎಂದು ಹೇಳಲಿಲ್ಲ. ಟಾರ್ಚ್ ಡ್ರಾಯರಿನಲ್ಲೇ ಇತ್ತು. ಆ ಐದು ನಿಮಿಷ ನಾನು ಸೀಸೆಗಳನ್ನು ಹೋಲಿಸುತ್ತಿದ್ದೆ. ಹೋಲಿಸಬೇಕಿದ್ದದ್ದು ಅವಳ ಎರಡು ಕಣ್ಣುಗಳನ್ನು. ಈಗಲೂ ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಅದನ್ನು ನೆನೆದು ನನ್ನ ಮೇಲೇ ಉಗಿಯಬೇಕೆನಿಸುತ್ತದೆ.

ಔಷಧಿ ನಾನು ಹೇಳಿದಂತೆಯೇ ಕೆಲಸ ಮಾಡಿತು. ಮರುದಿನ ಅಕ್ಕ ಫೋನ್ ಮಾಡಿ, "ಹಾಲು ಹಾಕಿ ತೊಳೆದಂಗೆ ಆಗೈತೆ ಕಣೋ," ಎಂದಳು. ಕೆಂಪು ಹೋಗಿತ್ತು, ನೋವೂ ಮೆತ್ತಗಾಗಿತ್ತು. ಬಾಗಿಲಲ್ಲಿ ನೋಡುವವರು ನೋಡಿ ಒಳಗೆ ಬಿಟ್ಟರು. ಎರಡು ಮನೆಯ ಹಾಸು ಕೂಡಿಸಿದಳು, ಮೂರನೆಯದನ್ನೂ ಒಪ್ಪಿಕೊಂಡಳು. ನನಗೆ ಹೆಮ್ಮೆಯೋ ಹೆಮ್ಮೆ. ಎದುರಿನ ಭಾಯ್‌ಗೂ ಹೇಳಿಕೊಂಡೆ.

ಹತ್ತು ಹನ್ನೊಂದು ದಿನವಾಗಿರಬೇಕು, ಅಕ್ಕನ ಮಗಳು ವೀಡಿಯೋ ಕಾಲ್ ಮಾಡಿದಳು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಹುಡುಗಿ, ಅಮ್ಮನ ಹತ್ತಿರ ಕೆಚ್ಚುವುದನ್ನು ಕಲಿಯುತ್ತಿದ್ದಳು. "ಮಾಮ, ಅವ್ವನ ಕಣ್ಣಾಗೆ ಏನೋ ಬೆಳ್ಳಗೆ ಕಾಣ್ತೈತೆ ನೋಡು," ಎಂದು ಫೋನನ್ನು ಅಕ್ಕನ ಮುಖದ ಹತ್ತಿರ ಹಿಡಿದಳು. ಚಿತ್ರ ಅಲ್ಲಾಡುತ್ತಿತ್ತು. ನಿಂತಾಗ ಕಂಡಿತು. ಕರಿಗುಡ್ಡೆಯ ಮೇಲೆ, ನಡುವಿಗೆ ಸ್ವಲ್ಪ ಕೆಳಗೆ, ಅಕ್ಕಿಯ ನುಚ್ಚಿನಷ್ಟು ಬಿಳಿ ಚುಕ್ಕೆ. ಅದು ಏನೆಂದು ನನಗೆ ಗೊತ್ತಿತ್ತು. ನಾನು ಡಾಕ್ಟರಲ್ಲದಿದ್ದರೂ ಅಷ್ಟು ಗೊತ್ತಿತ್ತು.

ಮಾರನೆಯ ದಿನ ಅವರಿಬ್ಬರೂ ಮೊಳಕಾಲ್ಮೂರಿನಿಂದ ಬಂದ ಬಸ್ಸಿಗೇ ನಾನು ಚಳ್ಳಕೆರೆಯಲ್ಲಿ ಹತ್ತಿಕೊಂಡೆ. ದಾವಣಗೆರೆಯ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರ್ ಒಬ್ಬ ಹೆಂಗಸು, ನನ್ನ ಮಗಳ ವಯಸ್ಸು. ಅಕ್ಕನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಸಮಾಧಾನವಾಗಿಯೇ ಹೇಳಿದರು. ಇದು ಬರೀ ಕಣ್ಣುಬೇನೆ ಅಲ್ಲ, ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ. ಏನೋ ಗೀರಿದೆ, ಆ ಗೀರಿನಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಕಣ್ಣಿಗೆ ಏನಾದರೂ ತಾಗಿತ್ತೇ?

"ಕೆಚ್ಚುವಾಗ ಕಣ್ಣು ಕಡೀತು ಅಂತ ಬೂದಿ ಕೈಯಾಗೇ ಉಜ್ಜಿಕಂಡೆ, ಉಗುರು ತಾಗ್ತು," ಎಂದಳು ಅಕ್ಕ. ಹನ್ನೆರಡು ದಿನದ ಹಿಂದೆ ನನ್ನ ಕೌಂಟರ್ ಮುಂದೆ ಅರ್ಧಕ್ಕೆ ನಿಂತಿದ್ದ ಮಾತು ಇದು.

"ಇಷ್ಟು ದಿನ ಏನು ಹಾಕ್ತಿದ್ರಿ?"

ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. "ರಾಯದುರ್ಗಕ್ಕೆ ಹೋಗಿದ್ದೆ ಮೇಡಂ, ಅಲ್ಲಿ ಯಾವುದೋ ಅಂಗಡೀಲಿ ತಗಂಡಿದ್ದೆ. ಹೆಸರು ಗೊತ್ತಿಲ್ಲ. ಸೀಸೆ ಮುಗೀತು, ಎಸೆದೆ," ಎಂದಳು. ಆಂಧ್ರದ ಊರು, ಯಾರೂ ಹೋಗಿ ವಿಚಾರಿಸುವುದಿಲ್ಲ. ಅಷ್ಟು ಬೇಗ ಅವಳಿಗೆ ಆ ಸುಳ್ಳು ಹೇಗೆ ಹೊಳೆಯಿತೋ. ತಮ್ಮನಿಗೆ ತೊಂದರೆಯಾಗಬಾರದು, ಅಂಗಡಿಗೆ ಕೆಟ್ಟ ಹೆಸರು ಬರಬಾರದು ಎಂಬುದಷ್ಟೇ ಅವಳ ಲೆಕ್ಕ.

ನಾನು ಬಾಯಿ ತೆರೆಯಬೇಕಿತ್ತು. ಇಲ್ಲ ಮೇಡಂ, ನಾನೇ ಕೊಟ್ಟೆ, ಸ್ಟೀರಾಯ್ಡ್ ಇರುವುದು ಎನ್ನಬೇಕಿತ್ತು. ಐದಾರು ಪದ. ಅಲ್ಲಿ ಅಕ್ಕನ ಮಗಳು, ವರಸೆಯಲ್ಲಿ ನನಗೆ ಸೊಸೆ, ನಿಂತಿದ್ದಳು, ಒಬ್ಬ ನರ್ಸ್ ಇದ್ದಳು, ನನ್ನ ಮಗಳ ವಯಸ್ಸಿನ ಡಾಕ್ಟರ್ ಇದ್ದರು. ಅವರ ಮುಂದೆ ಚಿಕ್ಕವನಾಗಲು ಮನಸ್ಸು ಬರಲಿಲ್ಲ. ಹೇಗೂ ಈಗ ಸರಿಯಾದ ಚಿಕಿತ್ಸೆ ಸಿಗುತ್ತದೆ, ಹಳೆಯದನ್ನು ಹೇಳಿ ಆಗಬೇಕಾದ್ದೇನು ಎಂದು ನನಗೆ ನಾನೇ ಹೇಳಿಕೊಂಡೆ.

ಡಾಕ್ಟರ್ ಹುಣ್ಣಿನ ಅಂಚಿನಿಂದ ಸ್ವಲ್ಪ ಕೆರೆದು ಪರೀಕ್ಷೆಗೆ ಕಳಿಸಿದರು. ಆ್ಯಂಟಿಬಯೋಟಿಕ್ ಡ್ರಾಪ್ಸ್ ಬರೆದುಕೊಟ್ಟು, ಗಂಟೆಗೊಂದು ಸಲ ತಪ್ಪದೆ ಹಾಕಬೇಕು ಎಂದರು. "ಆ ರಾಯದುರ್ಗದ ಔಷಧಿ ಇನ್ನೊಂದು ಸೀಸೆ ಮನೇಲಿದ್ರೂ ಹಾಕ್ಬೇಡಿ," ಎಂದು ಎರಡು ಸಲ ಹೇಳಿದರು. ಅಕ್ಕ ಹೂಂ ಎಂದಳು. ನಾಲ್ಕು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು.

ಆ ನಾಲ್ಕು ದಿನ ಸೊಸೆ ಅಲಾರಂ ಇಟ್ಟುಕೊಂಡು ಗಂಟೆ ಗಂಟೆಗೂ ಡ್ರಾಪ್ಸ್ ಹಾಕಿದಳು. ನಾನು ದಿನಕ್ಕೆ ಮೂರು ಸಲ ಫೋನ್ ಮಾಡಿದೆ. ಅಕ್ಕ ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿದ್ದಳು. ಐದನೆಯ ದಿನ ಮತ್ತೆ ದಾವಣಗೆರೆಗೆ ಹೋದಾಗ ಡಾಕ್ಟರ ಮುಖ ಗಂಟಿಕ್ಕಿತು. ಹುಣ್ಣು ಕುಗ್ಗುವುದಿರಲಿ, ದೊಡ್ಡದಾಗಿತ್ತು. ಪರೀಕ್ಷೆಯ ವರದಿ ಬಂದಿತ್ತು, ತಾವು ಬರೆದ ಔಷಧಿಗೆ ಜಗ್ಗಬೇಕಾದ ಬ್ಯಾಕ್ಟೀರಿಯಾವೇ ಅದು. "ಸರಿಯಾಗಿ ಹಾಕ್ತಿದ್ದೀರಾ?" ಎಂದರು. ಸೊಸೆ ಅಳುವಂತಾಗಿ, ಒಂದು ಹೊತ್ತೂ ತಪ್ಪಿಸಿಲ್ಲ ಎಂದಳು. "ಬೇರೆ ಏನಾದ್ರೂ ಹಾಕ್ತಿದ್ದೀರಾ?"

"ಇಲ್ಲ ಮೇಡಂ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿಂದು ಬಿಟ್ಟು," ಎಂದಳು.

ಅವಳ ಚೀಲದಲ್ಲಿ ಆ ಬಿಳಿ ಸೀಸೆ ಇತ್ತು. ನಾನು ಅವತ್ತು ಮುಂದಕ್ಕಿರಲಿ ಎಂದು ಎರಡು ಕೊಟ್ಟಿದ್ದೆ, ಇದು ಎರಡನೆಯದು. ದಿನಾ ಬೆಳಗ್ಗೆ ಸಂಜೆ, ಮಗಳಿಗೂ ಹೇಳದೆ, ಅಲ್ಲಾಡಿಸಿ ಹಾಕಿಕೊಳ್ಳುತ್ತಿದ್ದಳು. ಡಾಕ್ಟರ್ ಬೇಡ ಎಂದಿದ್ದು ರಾಯದುರ್ಗದ ಔಷಧಿಯನ್ನು. ರಾಯದುರ್ಗದ ಔಷಧಿ ಎಂಬುದೇ ಇರಲಿಲ್ಲವಲ್ಲ. ತಮ್ಮ ಕೊಟ್ಟದ್ದು ಬೇರೆ, ಅದರಿಂದ ನೋವು ಇಳಿಯುತ್ತದೆ, ಅದು ಕೆಟ್ಟದ್ದಾಗಿದ್ದರೆ ಪಕ್ಕದಲ್ಲೇ ನಿಂತಿದ್ದ ತಮ್ಮ ಹೇಳುತ್ತಿರಲಿಲ್ಲವೇ. ಅವಳು ಯೋಚಿಸಿದ್ದು ಹೀಗೆ, ಮತ್ತು ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಳಿರಲಿಲ್ಲ.

ಆಗ ಹೇಳಿದೆ. ನಾನೇ ಕೊಟ್ಟದ್ದು ಮೇಡಂ, ಮೊದಲಿನದೂ ನಾನೇ, ರಾಯದುರ್ಗ ಎಲ್ಲ ಸುಳ್ಳು ಎಂದೆ. ಡಾಕ್ಟರ್ ಚೀಲದಿಂದ ಸೀಸೆಯನ್ನು ತೆಗೆಸಿ, ತಿರುಗಿಸಿ ಹೆಸರು ಓದಿದರು. "ನೀವು ಏನು ಮಾಡ್ತೀರಿ?" ಎಂದರು. ಮೆಡಿಕಲ್ ಶಾಪ್ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೇಸ್ ಪೇಪರ್ ಮೇಲೆ ಏನೋ ಬರೆದು, "ಕ್ರಿಮಿ ವಿರುದ್ಧ ಕಣ್ಣು ಹೋರಾಡೋದನ್ನೇ ಇದು ತಡೆಯುತ್ತೆ. ಮೇಲೆ ಕೆಂಪು ಹೋಗುತ್ತೆ, ಒಳಗೆ ಹುಣ್ಣು ಬೆಳೀತಾ ಹೋಗುತ್ತೆ. ಮೊನ್ನೆನೇ ಹೇಳಿದ್ರೆ ಐದು ದಿನ ಉಳೀತಿತ್ತು," ಎಂದರು. ಆ ಸೀಸೆಯನ್ನು ತಮ್ಮ ಮೇಜಿನ ಕಸದ ಬುಟ್ಟಿಗೆ ಹಾಕಿದರು.

ಅಕ್ಕನಿಗೆ ಅವರ ಮಾತು ಪೂರ್ತಿ ಅರ್ಥವಾಯಿತೋ ಇಲ್ಲವೋ ಎಂದು ನೋಡಲು ನನಗೆ ಧೈರ್ಯ ಬರಲಿಲ್ಲ. ಅವಳನ್ನು ಅಲ್ಲೇ ದಾಖಲು ಮಾಡಿಕೊಂಡರು. ಒಂಬತ್ತು ದಿನ ಇದ್ದಳು. ಹುಣ್ಣು ಒಣಗಿತು, ಕಣ್ಣು ಉಳಿಯಿತು. ಆದರೆ ಹುಣ್ಣಿದ್ದ ಜಾಗದಲ್ಲಿ ಬಿಳಿ ಕಲೆ ನಿಂತಿತು, ನಮ್ಮ ಕಡೆ ಹೂ ಬಿದ್ದಿದೆ ಎನ್ನುತ್ತಾರಲ್ಲ, ಅದು. ಈಗ ಬಲಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಎದುರಿಗೆ ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ. ಯಾರು ಎಂದು ಗೊತ್ತಾಗುವುದಿಲ್ಲ. ಮುಂದೆ ಯಾವಾಗಲಾದರೂ ಬೇರೆಯವರು ದಾನ ಮಾಡಿದ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಹಾಕುವ ಆಪರೇಷನ್ ಮಾಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಅಕ್ಕ ಅದಕ್ಕೆ ಒಪ್ಪಿಲ್ಲ. ಇದ್ದದ್ದು ಇರಲಿ ಬಿಡು ಎನ್ನುತ್ತಾಳೆ.

ಒಂದು ಕಣ್ಣಲ್ಲಿ ಕೆಚ್ಚುವ ಕೆಲಸ ಆಗುವುದಿಲ್ಲ. ಎಳೆ ಎಷ್ಟು ದೂರದಲ್ಲಿದೆ ಎಂಬ ಅಂದಾಜೇ ಸಿಗುವುದಿಲ್ಲವಂತೆ. ಬೆರಳು ಎಳೆಯ ಮುಂದೆಯೋ ಹಿಂದೆಯೋ ಹೋಗಿ ಬರಿಗಾಳಿಯನ್ನು ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಒಂದು ದಿನ ಮಗಳು ಕೆಚ್ಚುತ್ತಿದ್ದ ಹಾಸಿನ ಮುಂದೆ ಕೂತು ಪ್ರಯತ್ನ ಮಾಡಿದಳು. ನಾನು ಅವಳನ್ನು ನೋಡಲು ಹೋಗಿದ್ದೆ, ಹೊಸಿಲಲ್ಲೇ ನಿಂತೆ. ನಾಲ್ಕು ಸಲ ಬೆರಳು ತಪ್ಪಿತು. ಐದನೆಯ ಸಲ ಎಳೆ ಸಿಕ್ಕಿತು, ಹೊಸೆದಳು, ಆದರೆ ತಪ್ಪು ಎಳೆಗೆ ಸೇರಿಸಿದ್ದಳು. ಮಗಳು ಅದನ್ನು ಬಿಡಿಸಿದಳು. ಅಕ್ಕ ಎದ್ದು ಕೈ ತೊಳೆದುಕೊಂಡು ನನಗೆ ಕಾಫಿ ಇಡಲು ಹೋದಳು. ಈಗ ಅವಳು ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತಾಳೆ. ಅದನ್ನು ಮೊದಲಿನಿಂದಲೂ ಮುದುಕಿಯರ ಕೆಲಸ ಎಂದು ನಗುತ್ತಿದ್ದವಳು ಅವಳು. ಕೆಚ್ಚಲು ಈಗ ಮಗಳನ್ನು ಕರೆಯುತ್ತಾರೆ.

ಆ ದಿನ ಕಾಫಿ ಕುಡಿಯುತ್ತಾ ನಾನು ಕ್ಷಮೆ ಕೇಳಿದೆ. ಹೇಗೆ ಕೇಳಬೇಕೆಂದು ಬಸ್ಸಿನಲ್ಲಿ ತಳಕು ಊರು ದಾಟಿದಾಗಿನಿಂದ ಯೋಚಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, "ಅಕ್ಕ, ನಿನ್ನ ಕಣ್ಣು ನಾನೇ ತಿಂದೆ," ಎಂದುಬಿಟ್ಟೆ. "ನೀನೇನು ಬೇಕಂತ ಮಾಡಿದ್ಯಾ?" ಎಂದಳು. ಇಲ್ಲ ಎಂದೆ. "ಮತ್ತೆ? ಸರೇ ಬಿಡು." ಅಷ್ಟೇ. ಅಳಲಿಲ್ಲ, ನನ್ನನ್ನೂ ಅಳಲು ಬಿಡಲಿಲ್ಲ. ನಮ್ಮವ್ವ ಇದ್ದಾಗ ನಾನು ಏನು ಒಡೆದು ಹಾಕಿದರೂ ತಾನು ಒಡೆದೆ ಎಂದು ಬೈಸಿಕೊಳ್ಳುತ್ತಿದ್ದವಳು ಇವಳೇ. ಐವತ್ತು ದಾಟಿದ ಮೇಲೂ ನಾನು ಅದನ್ನೇ ಮಾಡಿಸಿದ್ದೆ.

ಅಂಗಡಿಯಲ್ಲಿ ಈಗ ಪಾಠ ನಿಂತಿದೆ. ಬಿಳಿ ಸೀಸೆಯನ್ನು ಚೀಟಿ ಇಲ್ಲದೆ ಯಾರಿಗೂ ಕೊಡುವುದಿಲ್ಲ. ಉಳಿದವನ್ನೂ ಚೀಟಿ ನೋಡಿಯೇ ಕೊಡುತ್ತೇನೆ. ಕಣ್ಣು ಕೆಂಪಾಗಿ ಬಂದವರನ್ನು ಒಂದೊಂದೇ ಕಣ್ಣು ಮುಚ್ಚಿಸಿ, ಎದುರಿನ ಗ್ಯಾರೇಜ್ ಬೋರ್ಡ್ ಓದಿಸುತ್ತೇನೆ; ಓದು ಬಾರದವರಿಗೆ ಬೈಕ್ ಎಷ್ಟು ನಿಂತಿವೆ ಎಣಿಸಿ ಎನ್ನುತ್ತೇನೆ. ನೋವಿದೆಯೇ, ಬೆಳಕು ಚುಚ್ಚುತ್ತದೆಯೇ, ಏನಾದರೂ ತಾಗಿತ್ತೇ ಎಂದು ಕೇಳುತ್ತೇನೆ. ಒಂದಕ್ಕೆ ಹೌದು ಎಂದರೂ, ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ನಾಳೆ ಅಲ್ಲ ಎನ್ನುತ್ತೇನೆ. ಇಷ್ಟೆಲ್ಲ ಕೇಳಿ ಔಷಧಿ ಕೊಡದೆ ಕಳಿಸುವವನ ಮೇಲೆ ಜನಕ್ಕೆ ಸಿಟ್ಟು ಬರುವುದು ಸಹಜ. ಗೊಣಗುತ್ತಾ ಮುಂದಿನ ಅಂಗಡಿಗೆ ಹೋಗುತ್ತಾರೆ. ಹೋಗುವವರನ್ನು ರಸ್ತೆವರೆಗೂ ಓಡಿ ಹಿಡಿದು, ಆಸ್ಪತ್ರೆಗೆ ಹೋಗಿ ಎಂದು ಜಗಳ ಮಾಡಿದ್ದೂ ಉಂಟು. ಡಾಕ್ಟ್ರೇ ಎಂದವರಿಗೆ, ಡಾಕ್ಟ್ರಲ್ಲ, ಅಂಗಡಿಯವನು ಎನ್ನುತ್ತೇನೆ. ಭಾಯ್ ಒಮ್ಮೆ, "ಏನ್ ಸಾಬ್, ಅಂಗಡಿ ಇಟ್ಟಿರೋದು ಮಾರೋಕೋ ಬೇಡ ಅನ್ನೋಕೋ?" ಎಂದು ಚುಡಾಯಿಸಿದರು. ನಾನು ನಗದೇ ಇದ್ದದ್ದು ನೋಡಿ ಪಕ್ಕದ ಹೋಟೆಲಿನಿಂದ ಟೀ ತರಿಸಿಕೊಟ್ಟರು.

ಕಳೆದ ವರ್ಷ ಮಳೆಗಾಲ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ಅವಳ ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಎಲ್ಲಿದ್ದೀಯಕ್ಕ?"

"ದಾವಣಗೆರೇಲಿ. ಮಗಳಿಗೆ ನಿನ್ನೆಯಿಂದ ಕಣ್ಣು ಕೆಂಪಾಗಿತ್ತು, ನೀರು ಸುರೀತಿತ್ತು. ಕರ್ಕಂಡು ಬಂದೆ. ಏನಿಲ್ವಂತೆ, ಬರೀ ಕಣ್ಣುಬೇನೆ. ಹುಣ್ಣು ಗಿಣ್ಣು ಏನೂ ಇಲ್ಲ ಅಂದ್ರು ಮೇಡಂ."

ಉಸಿರು ಬಿಟ್ಟೆ. "ಯಾವ ಬಸ್ಸಿಗೆ ಹೋದ್ರಿ?"

"ಏಳರ ಬಸ್ಸು. ನಿನ್ನ ಅಂಗಡಿ ಮುಂದೇನೇ ಬಂತು. ನೀನು ಬಾಗಿಲು ತೆಗೆದು ಊದುಬತ್ತಿ ಹಚ್ಚುತಿದ್ದೆ. ಇವಳು, ಮಾಮನ ಹತ್ರ ಇಳಿಯಾನಾ ಅಂದ್ಲು. ನಾನೇ ಬ್ಯಾಡ ಅಂದೆ."

ನಾನು ರಸ್ತೆಯ ಕಡೆ ತಿರುಗಿ ನೋಡಿದೆ.

"ತಪ್ಪು ತಿಳ್ಕಂಡ್ಯೇನೋ?"

"ಇಲ್ಲಕ್ಕ. ಸರಿಯಾಗೇ ಮಾಡಿದ್ದೀಯ," ಎಂದೆ. ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು. ಅವಳು ಇಳಿದು ಬಂದಿದ್ದರೂ ನಾನು ಅಲ್ಲಿಗೇ ಕಳಿಸುತ್ತಿದ್ದೆ. ಆದರೆ ಅವಳು ಅದನ್ನು ನಂಬಿ ಇಳಿಯಲಾರದೇ ಹೋದಳು, ಇನ್ನು ಮುಂದೆಯೂ ಇಳಿಯುವುದಿಲ್ಲ.

ಚೀಟಿಯಲ್ಲಿ ಯಾವ ಡ್ರಾಪ್ಸ್ ಬರೆದಿದ್ದಾರೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ವಾಪಸ್ ಬರುವಾಗ ಇಳಿದು ಊಟ ಮಾಡಿಕೊಂಡು ಹೋಗಿ, ಡ್ರಾಪ್ಸ್ ನಾನೇ ಕೊಡುತ್ತೇನೆ ಎಂದೆ.

"ಊಟಕ್ಕೆ ಬರ್ತೀವಿ," ಎಂದಳು ಅಕ್ಕ. "ಡ್ರಾಪ್ಸ್ ಇಲ್ಲೇ ತಗಂಡ್ವಿ."